ಅರ್ಧಕ್ಕೆ ನಿಂತ ಅಳತೆ

ಮೂರನೆಯ ಗಡಿಕಲ್ಲು ಹುಡುಕುತ್ತ ಬದುವಿನ ಮೇಲೆ ಬಗ್ಗಿದಾಗ ನೋವು ಶುರುವಾಯಿತು. ಮೊದಲು ಕಿಬ್ಬೊಟ್ಟೆಯ ಎಡಗಡೆ, ಆಮೇಲೆ ಸೊಂಟಕ್ಕೆ, ಅಲ್ಲಿಂದ ತೊಡೆಗೆ ಇಳಿಯಿತು. ತೊಡೆಗೆ ಇಳಿದ ನೋವು ಸುಮ್ಮನೆ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅಳತೆಯ ಯಂತ್ರ ಕೂರಿಸಿದ್ದ ಕಂಬವನ್ನು ನೆಲಕ್ಕೆ ಊರಿ, ಅದನ್ನೇ ಹಿಡಿದು ನಿಂತೆ.

ನಾನು ಶಿಕಾರಿಪುರದವಳು, ಜಮೀನು ಅಳೆಯುವುದು ನನ್ನ ಕೆಲಸ. ಅಂದು ಹೋಗಿದ್ದು ಸೊರಬ ತಾಲ್ಲೂಕಿನಲ್ಲಿ, ಗುಡವಿಯಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿಗೆ. ಅಣ್ಣ ತಮ್ಮಂದಿರ ಗದ್ದೆಗಳ ನಡುವಿನ ಗಡಿ ಗುರುತಿಸಿಕೊಡಬೇಕಿತ್ತು. ತಮ್ಮ ಬದು ಸರಿಸಿದ್ದಾನೆಂದು ಅಣ್ಣ, ಅಣ್ಣನೇ ಒತ್ತುವರಿ ಮಾಡಿದ್ದಾನೆಂದು ತಮ್ಮ. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಬ್ಬ ಗದ್ದೆಯ ಈ ತುದಿಯಲ್ಲಿ, ಇನ್ನೊಬ್ಬ ಆ ತುದಿಯಲ್ಲಿ ನಿಂತು ನನ್ನ ಒಂದೊಂದು ಹೆಜ್ಜೆಯನ್ನೂ ಕಾಯುತ್ತಿದ್ದರು.

ನನಗಿರುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು, ಕರುಳಿಗೆ, ಅಂಡಾಶಯಕ್ಕೆ ಅಂಟಿಕೊಂಡು ನೋಯಿಸುವ ಕಾಯಿಲೆ. ಅದಕ್ಕೊಂದು ಹೆಸರಿದೆ ಎಂದು ತಿಳಿಯುವ ಮೊದಲು ಬಹಳ ವರ್ಷ ಅದು ಬರೀ 'ಮುಟ್ಟಿನ ನೋವು' ಆಗಿತ್ತು. ತಡೆಯಲಾಗದ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದೆ. ಆಮೇಲೆ ಅದೇ ಜಾತಿಯ ಗುಳಿಗೆ. ನುಂಗಿದರೆ ನೋವು ದೂರದ ಮನೆಯ ಜಗಳದಂತೆ ಕೇಳಿಸುತ್ತಿತ್ತು. ಬರಬರುತ್ತ ಒಂದು ಗುಳಿಗೆ ಸಾಲದಾಯಿತು. ಮಲಬದ್ಧತೆ ಹತ್ತಿಕೊಂಡು, ಅದರಿಂದಲೇ ಹೊಟ್ಟೆ ಇನ್ನಷ್ಟು ನೋಯತೊಡಗಿತು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ ಮೆಲ್ಲಮೆಲ್ಲಗೆ ಆ ಗುಳಿಗೆ ಬಿಡಿಸಿದರು. "ಇದು ಅಫೀಮಿನ ವಂಶದ್ದು. ಒಂದೆರಡು ದಿನಕ್ಕೆ ಆಗುತ್ತೆ. ನಿಮ್ಮದು ವರ್ಷಗಟ್ಟಲೆ ಜೊತೆಗಿರೋ ನೋವು" ಎಂದರು. ಈಗ ದಿನಾ ಒಂದು ಹಾರ್ಮೋನ್ ಗುಳಿಗೆ, ಸೊಂಟದ ಸ್ನಾಯು ಸಡಿಲಿಸುವ ವ್ಯಾಯಾಮ, ಬಿಸಿ ಶಾಖ, ನೋವು ಏರುವ ಮುಂಚೆಯೇ ಊಟದ ಜೊತೆ ಸಾಮಾನ್ಯ ನೋವಿನ ಮಾತ್ರೆ. ಬಹಳಷ್ಟು ತಿಂಗಳು ಇಷ್ಟರಲ್ಲಿ ಸಾಗುತ್ತದೆ. ಕೆಲವು ದಿನ ಸಾಗುವುದಿಲ್ಲ.

ಅಂದು ಸಾಗಲಿಲ್ಲ. ನಾಲ್ಕನೆಯ ಕಲ್ಲಿನ ಕಡೆಗೆ ಹೊರಟವಳು ಅರ್ಧದಲ್ಲೇ ಕುಕ್ಕರಿಸಿದೆ. ಬೆವರು ಕಣ್ಣಿಗಿಳಿಯಿತು.

ಅಣ್ಣ ಹತ್ತಿರ ಬಂದ. "ಎಂತಾತ್ರೀ ಮೇಡಂ? ಯಾಕೆ ನಿಲ್ಸಿದ್ರಿ?"

"ಸ್ವಲ್ಪ ಹುಷಾರಿಲ್ಲ. ಒಂದು ತಾಸು ಬಿಟ್ಟು ಮುಂದುವರಿಸ್ತೀನಿ."

ಅವನು ತಮ್ಮನ ಕಡೆ ನೋಡಿದ, ಆಮೇಲೆ ನನ್ನ ಕಡೆ. "ಇಷ್ಟೊತ್ತು ಚೆನ್ನಾಗೇ ಇದ್ರಲ್ಲ. ಅಳತೆ ನನ್ನ ಪರ ಬರ್ತದೆ ಅನ್ನಾಗ ಹುಷಾರು ತಪ್ತಾ? ಅವನು ಏನು ಕೊಟ್ಟಾನೆ ಹೇಳ್ರಿ."

ಆ ತುದಿಯಿಂದ ತಮ್ಮ ಕೂಗಿದ. "ನಾಲಿಗೆ ಬಿಗಿಹಿಡಿದು ಮಾತಾಡು ಅಂತ ಹೇಳ್ರಿ ಅವಂಗೆ."

ಲಂಚದ ಮಾತು ಒಮ್ಮೆ ಹುಟ್ಟಿದರೆ ಕಚೇರಿಯವರೆಗೂ ನಡೆದು ಬರುತ್ತದೆ. ನನಗೆ ಭಯವಾಯಿತು. ಕೆಲಸದ ಜಾಗದಲ್ಲಿ ಯಾರ ಮುಂದೆಯೂ ಹೇಳಬಾರದೆಂದು ಇಷ್ಟು ವರ್ಷ ಕಚ್ಚಿಹಿಡಿದಿದ್ದನ್ನು ಹೇಳಿದೆ. "ಯಾರೂ ಏನೂ ಕೊಟ್ಟಿಲ್ಲ. ನನಗೆ ಗರ್ಭಕೋಶದ ಕಾಯಿಲೆ ಇದೆ. ಆಪರೇಷನ್ ಆಗಿದೆ. ಆದ್ರೂ ನೋವು ಬರುತ್ತೆ. ಈಗ ಬಂದಿದೆ."

ಅವನು ತಲೆ ತಗ್ಗಿಸಿದ. ಆದರೆ ನಂಬಿದಂತೆ ಕಾಣಲಿಲ್ಲ. "ಬೈಕಲ್ಲಿ ಸೊರಬಕ್ಕೆ ಕರ್ಕಂಡು ಹೋಗ್ತೀನಿ. ಒಂದು ಇಂಜೆಕ್ಷನ್ ಹಾಕಿಸ್ಕಂಡ್ರೆ ಆತಪ್ಪ, ಸಂಜೆ ಒಳಗೆ ಮುಗಿಸ್ಬಹುದು."

ಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ಅದೊಂದೇ ಬೇಕು ಅನ್ನಿಸಿತು. ಸೂಜಿ ಚುಚ್ಚಿದ ಮೇಲೆ ಮೈಯಲ್ಲಿ ಹರಡುವ ಆ ಬೆಚ್ಚನೆಯ ಮಂಕು ಆಗಲೇ ಬಂದಂತಾಯಿತು. ಆ ಮಂಕಿನಲ್ಲಿ ಇವರಿಬ್ಬರ ನಡುವೆ ಕಲ್ಲು ನೆಡುವುದು ಹೇಗೆ? "ಬೇಡ, ಬಿಸಿನೀರು ಸಿಕ್ಕರೆ ಸಾಕು" ಎಂದೆ.

ಅಣ್ಣನ ಹೆಂಡತಿ ಬದುವಿನ ಮೇಲೆ ನಿಂತಿದ್ದಳು. ಗಂಡನನ್ನು ಕೇಳದೆ ನನ್ನ ರಟ್ಟೆ ಹಿಡಿದು ಮನೆಗೆ ಕರೆದೊಯ್ದಳು. ಬಾಟಲಿಗೆ ಬಿಸಿನೀರು ತುಂಬಿ ಟವಲ್ ಸುತ್ತಿಕೊಟ್ಟಳು. ಎರಡು ತುತ್ತು ಅನ್ನ ತಿಂದು ನನ್ನ ಮಾತ್ರೆ ನುಂಗಿದೆ. ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿ, ಮೊಣಕಾಲು ಮಡಚಿ, ವ್ಯಾಯಾಮದಲ್ಲಿ ಕಲಿಸಿಕೊಟ್ಟಂತೆ ಹೊಟ್ಟೆಯ ತಳದವರೆಗೂ ಉಸಿರೆಳೆದು ನಿಧಾನವಾಗಿ ಬಿಟ್ಟೆ. ನೋವು ಬಂದಾಗ ಮೈ ತಾನೇ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ಅದನ್ನು ಸಡಿಲ ಬಿಡುವುದು ಹೇಳಿದಷ್ಟು ಸುಲಭವಲ್ಲ. ಹೊರಗೆ ಜಗಳ ಏರುತ್ತಿದ್ದರೆ ಇನ್ನೂ ಕಷ್ಟ.

ಹೊರಗೆ ಏರಿತ್ತು. ನಾನು ನೆಟ್ಟು ಬಂದಿದ್ದ ಗೂಟವೊಂದನ್ನು ಯಾರೋ ಕಿತ್ತರೆಂಬ ಕೂಗು ಕೇಳಿತು. ಗುದ್ದಲಿ ಕಲ್ಲಿಗೆ ತಾಗಿದ ಸದ್ದು. ಅಣ್ಣನ ಹೆಂಡತಿ ಬಾಗಿಲಿಗೆ ಓಡಿದಳು, ಮತ್ತೆ ನನ್ನ ಕಡೆ ತಿರುಗಿದಳು.

"ಏಳಾಕೆ ಆಗ್ತದಾ? ನೀವು ಬಂದ್ರೆ ಸುಮ್ನಾಗ್ತಾರೆ."

ನೋವು ಹೋಗಿರಲಿಲ್ಲ. ಆದರೆ ತೊಡೆಯಿಂದ ಮೇಲಕ್ಕೆ ಸರಿದಿತ್ತು, ಉಸಿರು ನನ್ನ ಹಿಡಿತಕ್ಕೆ ಬಂದಿತ್ತು. ಬಾಟಲಿಯನ್ನು ಸೀರೆಯ ಸೆರಗಿನಿಂದ ಹೊಟ್ಟೆಗೆ ಕಟ್ಟಿಕೊಂಡು ಹೊರಗೆ ಹೋದೆ. ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತಿದ್ದರು. ತಮ್ಮನ ಕೈಯಲ್ಲಿ ಗುದ್ದಲಿ ಇತ್ತು.

"ಗೂಟ ಕಿತ್ತರೆ ನಷ್ಟ ಇಲ್ಲ, ಅದರ ಜಾಗ ಯಂತ್ರದಲ್ಲಿ ದಾಖಲಾಗಿದೆ" ಎಂದೆ. "ಒಂದು ಕುರ್ಚಿ ತರಿಸಿ. ನಾನು ಕೂತು ಕೂತು ಅಳೀತೀನಿ. ಇಬ್ಬರೂ ನನ್ನ ಜೊತೆಗೇ ಇರಿ."

ತಮ್ಮ ಗುದ್ದಲಿ ಕೆಳಗಿಟ್ಟ. ಅಣ್ಣನ ಹೆಂಡತಿ ಪ್ಲಾಸ್ಟಿಕ್ ಕುರ್ಚಿ ಹೊತ್ತು ಪ್ರತಿ ಮೂಲೆಗೂ ಬಂದಳು. ಪ್ರತಿ ಅಂಕೆಯನ್ನೂ ಇಬ್ಬರಿಗೂ ತೋರಿಸಿ ಎರಡೆರಡು ಸಲ ಅಳೆದೆ. ಗಡಿ ಅಣ್ಣ ಹೇಳಿದಷ್ಟು ಅವನ ಪರವಾಗಿ ಬರಲಿಲ್ಲ. ಅವನು ಅಳತೆಯ ಕಾಗದಕ್ಕೆ ಸಹಿ ಹಾಕದೆ ಹೋದ.

ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವಷ್ಟರಲ್ಲಿ ನೋವು ಮತ್ತೆ ಬಂತು. ಮರುದಿನ ಏಳಲಿಲ್ಲ.

ಸ್ವಲ್ಪ ದಿನಕ್ಕೆ ಅಣ್ಣನ ತಕರಾರು ಕಚೇರಿಗೆ ಬಂತು. ಅಳತೆಗೆ ಬಂದವರು ಕಾಯಿಲೆಯವರು, ನೋವಿನಲ್ಲಿ ತಪ್ಪು ಅಳೆದಿದ್ದಾರೆ ಎಂದು ಬರೆಸಿದ್ದ. ನಿಜ ಹೇಳಿದ್ದು ನನ್ನ ಮೇಲೆಯೇ ತಿರುಗಿತ್ತು. ಮೇಲಧಿಕಾರಿ ಕರೆದು ಕೇಳಿದರು. "ಅವತ್ತು ನಿಮಗೆ ಹುಷಾರಿರಲಿಲ್ಲವಂತೆ?"

"ಇರಲಿಲ್ಲ ಸರ್. ಅಳತೆ ಸರಿ ಇದೆ."

ಅವರೇ ಗದ್ದೆಗೆ ಬಂದು ಮತ್ತೆ ಅಳೆದರು. ನಾನು ಪಕ್ಕದಲ್ಲಿ ನಿಂತಿದ್ದೆ, ಅಂದು ನೋವಿರಲಿಲ್ಲ. ಕೊನೆಯ ಮೂಲೆಯ ಅಂಕೆ ನನ್ನದರ ಜೊತೆ ತಾಳೆಯಾದಾಗ ಅವರು ತಲೆಯಾಡಿಸಿದರು. ಅಣ್ಣ ಸಹಿ ಹಾಕಿದ, ನನ್ನ ಮುಖ ನೋಡಲಿಲ್ಲ. ಮುಂದಿನ ತಿಂಗಳ ಕೆಲಸ ಹಂಚುವಾಗ, ಸತತ ಎರಡು ದಿನ ದೂರದ ಹಳ್ಳಿ ಬೇಡವೆಂದು, ಕಾರಣ ಸಮೇತ, ಎಲ್ಲರ ಮುಂದೆ ಕೇಳಿದೆ. ಮೇಲಧಿಕಾರಿ ಒಪ್ಪಿದರು.