ಒಂದೇ ಹಾಸಿಗೆ, ಇಪ್ಪತ್ತೆಂಟು ಮನೆ

ಹಗರೆಯಿಂದ ಎರಡು ಮೈಲಿ ಒಳಗಿರುವ ಊರೊಂದರಲ್ಲಿ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ಕೆಲಸ ಮುತ್ತಮ್ಮನದು. ಈ ನೀರುಗಂಟಿ ಕೆಲಸ ವಾಸ್ತವವಾಗಿ ಅವಳ ಗಂಡ ಬೋರಯ್ಯನದಾಗಿತ್ತು. ತೊಂಬತ್ತೊಂದನೇ ಇಸವಿಯಲ್ಲಿ ಅವನು ತೂಬಿನ ಗುಂಡಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅವನು ಎದ್ದು ಓಡಾಡುವ ತನಕ ಇರಲಿ ಎಂದು ಗುದ್ದಲಿ ಹೆಗಲಿಗೇರಿಸಿದವಳು ಮತ್ತೆ ಇಳಿಸಲಿಲ್ಲ. ಹೆಂಗಸು ಕೆರೆ ಏರಿ ಮೇಲೆ ಓಡಾಡುವುದೇ ಎಂದು ಮೊದಲೆರಡು ವರ್ಷ ಆಡಿಕೊಂಡವರು ಆಮೇಲೆ ಸುಮ್ಮನಾದರು. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಅವಳಿಗೊಂದು ಹೊರೆ ಬತ್ತ ಬರುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಮಹಾಲಯ ಅಮಾವಾಸ್ಯೆ ಹತ್ತಿರವಾದರೂ ಕೆರೆ ಮೂರರಲ್ಲೊಂದು ಪಾಲೂ ತುಂಬಲಿಲ್ಲ. ತೊಂಬತ್ತು ಎಕರೆ ಅಚ್ಚುಕಟ್ಟಿನಲ್ಲಿ ಇಪ್ಪತ್ನಾಲ್ಕು ಎಕರೆಗೆ ಸಾಕಾದೀತು, ಅಷ್ಟೆ. ಅಂಥ ವರ್ಷಗಳಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎಲ್ಲರೂ ನಾಟಿ ಹಾಕುತ್ತಾರೆ, ತೂಬಿನ ಬಾಯಿಯ ಗದ್ದೆಗಳು ಕುಡಿಯುತ್ತವೆ, ಕೊನೆಯವು ಹೊಡೆ ಕಟ್ಟುವ ಹೊತ್ತಿಗೆ ಒಣಗುತ್ತವೆ. ಬಯ್ಗುಳವೆಲ್ಲ ನೀರು ಬಿಟ್ಟವಳಿಗೆ. ಇನ್ನೊಂದು ವರ್ಷ ಆ ಬಯ್ಗುಳ ತಿನ್ನುವ ತ್ರಾಣ ಅವಳಲ್ಲಿರಲಿಲ್ಲ.

ಜಗಲಿಯಲ್ಲಿ ಒರಗಿ ಕೂತಿದ್ದ ಬೋರಯ್ಯ ತನ್ನ ತಾತ ಹೇಳುತ್ತಿದ್ದ ಮಾತೊಂದನ್ನು ನೆನಪಿಸಿಕೊಂಡ. ನೀರು ಕಡಿಮೆಯಾದ ವರ್ಷ ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಉತ್ತು, ಅವು ಯಾರವೇ ಆಗಿರಲಿ, ಊರವರೆಲ್ಲ ತಂತಮ್ಮ ಹಿಡುವಳಿಗೆ ತಕ್ಕಂತೆ ಪಾಲು ಮಾಡಿಕೊಂಡು ಬೆಳೆಯುತ್ತಿದ್ದರಂತೆ. ಮುತ್ತಮ್ಮ ಒಂದು ವಾರ ಏರಿ ಮೇಲೆ ಓಡಾಡುತ್ತ ಅದನ್ನೇ ಯೋಚಿಸಿದಳು. ಅದಕ್ಕೆ ತನ್ನವೇ ಎರಡು ಮಾತು ಸೇರಿಸಿದಳು. ಅಚ್ಚುಕಟ್ಟಿನ ಇಪ್ಪತ್ತೆಂಟು ಮನೆಗಳಲ್ಲಿ ಯಾವುದಕ್ಕೂ ಹತ್ತು ಗುಂಟೆಗಿಂತ ಕಡಿಮೆ ಬರಬಾರದು. ತೂಬಿನ ಕಲ್ಲಿನ ಮೇಲೆ ಗೆರೆ ಎಳೆದು, ಅದರ ಕೆಳಗಿನ ಮೂರಡಿ ನೀರನ್ನು ಯಾರೂ ಮುಟ್ಟಬಾರದು. ಅದು ದನಕರುಗಳಿಗೆ, ಬಾವಿಗಳ ಒರತೆಗೆ.

ಬೆಳಿಗ್ಗೆ ಹಾಲಿನ ಡೇರಿ ಮುಂದೆ ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ ಅವಳು ಇದನ್ನು ಹೇಳಿದಳು. ಅಚ್ಚುಕಟ್ಟಿನ ಕೊನೆಯಲ್ಲಿ ಗದ್ದೆಯಿದ್ದ ಅಣ್ಣಯ್ಯ ಒಡನೆಯೇ ಒಪ್ಪಿದ. ಒಪ್ಪದೆ ಇದ್ದವರು ರೇವಣಸಿದ್ದಪ್ಪ. ತೂಬಿನ ಬಾಯಿಯ ಇಪ್ಪತ್ನಾಲ್ಕರಲ್ಲಿ ಒಂಬತ್ತು ಎಕರೆ ಅವರದೇ. ಕೆಟ್ಟ ಮನುಷ್ಯರಲ್ಲ, ಆದರೆ ತಮ್ಮ ತಂದೆ ಬೆವರು ಸುರಿಸಿ ಮಾಡಿದ ಗದ್ದೆಯಲ್ಲಿ ಇನ್ನೊಬ್ಬರ ನೇಗಿಲು ಇಳಿಯುವುದನ್ನು ನೋಡಲಾರೆ ಎಂದುಬಿಟ್ಟರು.

ಮುತ್ತಮ್ಮ ಹತ್ತು ದಿನ ಮನೆ ಮನೆ ತಿರುಗಿದಳು. ರೇವಣಸಿದ್ದಪ್ಪನವರ ಮನೆಗೇ ನಾಲ್ಕು ಸಲ ಹೋದಳು. ಅವರ ಹೆಂಡತಿ ಶಿವಗಂಗಮ್ಮ ಪ್ರತಿ ಸಲವೂ ಮಜ್ಜಿಗೆ ಕೊಟ್ಟು, ಪಾಪ ಅನ್ನುವಂತೆ ನೋಡಿ ಕಳಿಸುತ್ತಿದ್ದರು. ಐದನೆಯ ಸಲ ಅವಳು ರೇವಣಸಿದ್ದಪ್ಪನವರನ್ನು ಏರಿಯ ಕೆಳಗಿದ್ದ ಅವರದೇ ತೆಂಗಿನ ತೋಟದ ಬಾವಿಯ ಹತ್ತಿರ ಕರೆದುಕೊಂಡು ಹೋದಳು.

"ಯಜಮಾನ್ರೇ, ಕೆರೆ ತಳ ಕಂಡ ವರ್ಷ ಈ ಬಾವೀಲಿ ಎಷ್ಟು ನೀರಿತ್ತು, ನೆಪ್ಪೈತಾ?"

ಅವರ ಕಣ್ಣು ತೋಟದ ಕಡೆ ಹೋಯಿತು. ಆ ವರ್ಷ ಹನ್ನೆರಡು ಮರದ ಸುಳಿ ಬಿದ್ದಿತ್ತು.

"ಗದ್ದೆ ಒಂದು ವರ್ಷ ಹೋದ್ರೆ ಮುಂದಿನ ವರ್ಷ ಬರ್ತೈತೆ. ತೆಂಗು ಹೋದ್ರೆ ಇಪ್ಪತ್ತು ವರ್ಷ ಬೇಕು. ಆ ಮೂರಡಿ ನೀರು ನಿಂತ್ರೆ ನಿಮ್ ತೋಟನೂ ನಿಲ್ತೈತೆ. ಅದು ನಿಲ್ಬೇಕು ಅಂದ್ರೆ ಮೇಲಿನ ನೀರು ಎಲ್ರಿಗೂ ಸಿಗ್ಬೇಕು. ಹೊಟ್ಟೆ ಹಸಿದೋರು ಗೆರೆ ನೋಡ್ತಾರಾ?"

ರೇವಣಸಿದ್ದಪ್ಪ ಬಗ್ಗಿ ಬಾವಿಯ ನೀರು ನೋಡಿದರು. ಆಮೇಲೆ, ತಮ್ಮ ಬದುಗಳನ್ನು ಯಾರೂ ಕಡಿಯಬಾರದು ಅನ್ನುವುದೊಂದೇ ಷರತ್ತು ಹಾಕಿ ಒಪ್ಪಿದರು.

ಸ್ಕೂಲಿನ ಗಂಗಾಧರಯ್ಯ ಮೇಷ್ಟ್ರು ಹಗ್ಗ ಹಿಡಿದು ಮನೆಗೊಂದು ಪಟ್ಟಿ ಅಳೆದುಕೊಟ್ಟರು. ಎಲ್ಲರೂ ಕಡಿಮೆ ನೀರಿನ ತಳಿ ಹಾಕಿದರು, ಅರ್ಧದಲ್ಲಿ ರಾಗಿ ನೆಟ್ಟರು. ಮುತ್ತಮ್ಮ ನಾಲ್ಕು ತಿಂಗಳು ಸರದಿ ಪ್ರಕಾರ ನೀರು ಕಟ್ಟಿದಳು. ಮಂಡಿ ಊದಿಕೊಂಡಿತು. ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿತು. ಆದರೂ ಫೆಬ್ರವರಿಯಲ್ಲಿ ಇಪ್ಪತ್ತೆಂಟು ಮನೆಯ ಅಂಗಳಕ್ಕೂ ಒಂದಿಷ್ಟು ಕಾಳು ಬಂತು. ಯಾರಿಗೂ ಹೆಚ್ಚಿಲ್ಲ, ಯಾರೂ ಬರಿಗೈಯಲ್ಲಿಲ್ಲ. ನೀರು ಗೆರೆ ಮುಟ್ಟಿದೊಡನೆ ತೂಬು ಇಳಿಸಿ ಬೀಗ ಹಾಕಿದರು.

ಗೆರೆ ಮೊದಲು ದಾಟಿದವನು ಅವಳ ಮೈದುನ ತಿಮ್ಮೇಶ. ಕೆರೆಯಂಚಿನ ಮುಕ್ಕಾಲು ಎಕರೆಯಲ್ಲಿ ಟೊಮ್ಯಾಟೊ ಹಾಕಿದ್ದ. ಮಾರ್ಚಿನ ಒಂದು ಬೆಳಗ್ಗೆ ಡೀಸೆಲ್ ಪಂಪು ತಂದು ಕೆರೆಗೆ ಪೈಪು ಇಳಿಸಿದ. ಸದ್ದು ಕೇಳಿ ಕುಂಟುತ್ತ ಹೋದ ಮುತ್ತಮ್ಮ ಪಂಪು ನಿಲ್ಲಿಸಿ ಪೈಪಿನ ಮೇಲೆ ಕೂತಳು.

"ಇನ್ನೆರಡು ನೀರು ಅಷ್ಟೆ ಅತ್ಗೆ. ಹೂ ಕಚ್ಚೈತೆ. ನಮ್ಮೋರಿಗೇ ನೀನು ಹಿಂಗೆ ಮಾಡಿದ್ರೆ ಹೆಂಗೆ?"

"ನಮ್ಮೋರು ಅಂತ ಬಿಟ್ರೆ ನಾಳೆ ಹತ್ತು ಪಂಪು ಬರ್ತವೆ ಕಣಪ್ಪ."

"ನಿನ್ ಕೈಗೆ ಊರೋರೇನು ಬಂಗಾರದ ಬಳೆ ತೊಡ್ಸಿದ್ರಾ?"

ಅವಳು ಪೈಪಿನ ಮೇಲಿಂದ ಏಳಲಿಲ್ಲ. ಬಿಸಿಲೇರುವ ತನಕ ಅಲ್ಲೇ ಕೂತಿದ್ದಳು. ಕೊನೆಗೆ ತಿಮ್ಮೇಶ ಪಂಪು ಹೊತ್ತುಕೊಂಡು ಹೋದ. ಹದಿನೈದು ದಿನದಲ್ಲಿ ಟೊಮ್ಯಾಟೊ ಗಿಡಗಳು ಬಾಡಿ ಕಪ್ಪಾದವು. ಅವಳು ದಿನವೂ ಅದೇ ದಾರಿಯಲ್ಲಿ ಹೋಗಬೇಕಿತ್ತು. ತಲೆ ತಗ್ಗಿಸಿ ಹೋಗುತ್ತಿದ್ದಳು. ತಿಮ್ಮೇಶನ ಹೆಂಡತಿ ಯುಗಾದಿಗೆ ಒಬ್ಬಟ್ಟು ಕಳಿಸಲಿಲ್ಲ. ಬೋರಯ್ಯನೂ, ಗಿಡ ನೋಡಿಯಾದರೂ ಒಂದು ನೀರು ಬಿಡಬಹುದಿತ್ತೇನೋ ಎಂದು ಒಮ್ಮೆ ಮೆಲ್ಲಗೆ ಅಂದ. ಅವಳಿಗೂ ಹಾಗೆ ಅನ್ನಿಸುತ್ತಿತ್ತು. ಮೇ ತಿಂಗಳಲ್ಲಿ ಅಕ್ಕಪಕ್ಕದ ಊರಿನ ದನಗಳೂ ಆ ಕೆರೆಗೇ ಬಂದು ನೀರು ಕುಡಿದವು.

ಮರುವರ್ಷವೂ ಮಳೆ ಕೈಕೊಟ್ಟಿತು. ಈ ಸಲ ರೇವಣಸಿದ್ದಪ್ಪನವರೇ ಹಗ್ಗ ತಂದರು. ಸುದ್ದಿ ಹೇಗೋ ಬೇಲೂರಿಗೆ ಮುಟ್ಟಿ, ತಾಲ್ಲೂಕು ಕಚೇರಿಯ ಸಭೆಯೊಂದಕ್ಕೆ ಅವಳನ್ನು ಕರೆಸಿದರು. ಅರ್ಥಶಾಸ್ತ್ರ ಓದಿದ ಹುಡುಗಿಯೊಬ್ಬಳು, ಇಂಥ ಏರ್ಪಾಡು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದಳು. ಮುತ್ತಮ್ಮ ಎದ್ದು ನಿಂತು ಹೇಳಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಕಣವ್ವ. ಒಬ್ರೇ ಮಲಗೋದಾದ್ರೆ ಆ ಮಾತು ಸರಿ. ನಮ್ದು ಒಂದೇ ಹಾಸಿಗೆ, ಇಪ್ಪತ್ತೆಂಟು ಮನೆಯೋರು ಮಲಗ್ಬೇಕು. ಯಾರ ಕಾಲು ಎಲ್ಲಿ ಅಂತ ಮೊದ್ಲೇ ಕೂತು ಜೋಡಿಸ್ಕೋಬೇಕು. ಎಳೆದಾಡಿದ್ರೆ ಹಾಸಿಗೇನೇ ಹರಿದೋಗ್ತೈತೆ."

ಅವರು ಶಾಲು ಹೊದಿಸಿದರು. ಅವಳು ಮಧ್ಯಾಹ್ನದ ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬಂದಳು. ಸಂಜೆಯ ನೀರಿನ ಸರದಿ ಅಣ್ಣಯ್ಯನದಿತ್ತು.

ಎರಡು ಸಾವಿರದ ಐದರಲ್ಲಿ ಕೆರೆ ಕೋಡಿ ಬಿತ್ತು. ಜನ ಬಾಗಿನ ಕೊಟ್ಟು, ಮರುದಿನವೇ ತಂತಮ್ಮ ಗದ್ದೆಗೆ ಇಳಿದರು. ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಆದರೆ ಮುಂದಿನ ಬೇಸಿಗೆ ಬರುವಷ್ಟರಲ್ಲಿ ಏರಿಯ ಕೆಳಗೆ ಆರು ಹೊಸ ಬೋರ್‌ವೆಲ್ ಕೊರೆಸಿದರು. ಮೂರಡಿಯ ಗೆರೆ ಉಳಿಯಬೇಕೇ ಎಂದು ಡೇರಿ ಮುಂದೆ ಮಾತಾಯಿತು. ಉಳಿಯಲಿ ಎಂದು ಹೆಚ್ಚಿನವರು ಅಂದರು. ಅದೇ ನೀರನ್ನು ನೆಲದಡಿಯಿಂದ ಹೀರುವ ಬೋರ್‌ವೆಲ್‌ಗಳ ಬಗ್ಗೆ ಮುತ್ತಮ್ಮ ಏನೋ ಹೇಳಬೇಕೆಂದು ಬಾಯಿ ತೆರೆದವಳು ಎದುರಿನ ಮುಖಗಳನ್ನು ನೋಡಿ ಸುಮ್ಮನಾದಳು. ಅದಕ್ಕೆ ಮತ್ತೆ ಮನೆ ಮನೆ ತಿರುಗಬೇಕು, ಮತ್ತೆ ಯಾರದೋ ಪೈಪಿನ ಮೇಲೆ ಕೂರಬೇಕು. ಈ ವರ್ಷ ಆಗದು, ಕಾಲು ಸ್ವಲ್ಪ ವಾಸಿಯಾಗಲಿ ಅಂದುಕೊಂಡಳು.

ಮನೆಗೆ ಬಂದು ಮಧ್ಯಾಹ್ನ ಗಂಡನಿಗೆ ಮುದ್ದೆ ಬಡಿಸಿ, ತಾನೂ ಉಂಡು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದಳು. ಪಾಲಿನ ಮಾತು ಶುರುವಾದಾಗಿನಿಂದ ಅವಳು ಹಗಲಲ್ಲಿ ಕಣ್ಣು ಮುಚ್ಚಿದ್ದು ಅದೇ ಮೊದಲು.