ಗೇಟು ತೆರೆಯದ ಕಾಕಾ

ಕಾಕಾನ ಬಲ ಅಂಗೈಯಲ್ಲಿ ಒಂದು ಉದ್ದನೆಯ ಜಡ್ಡು ಇತ್ತು, ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ರೈಲ್ವೆ ಗೇಟಿನ ಹಿಡಿಕೆ ತಿರುವಿ ತಿರುವಿ ಆದದ್ದು. ಸಣ್ಣವಳಿದ್ದಾಗ ನಾನು ಅದನ್ನು ಉಗುರಿನಿಂದ ಗೀರಿ, "ನೋಯ್ತೈತೇನ್ ಕಾಕಾ?" ಎನ್ನುತ್ತಿದ್ದೆ. "ಅದು ಸರಕಾರಿ ಚರ್ಮ ಅವ್ವಿ, ನನಗೇನ್ ಗೊತ್ತಾಗೂದಿಲ್ಲ" ಎಂದು ನಗುತ್ತಿದ್ದ.

ನಮ್ಮದು ಉಟಗಿಯ ಕುರುಬರ ಮನೆ. ದೀಪಾವಳಿ ಮುಗಿಯುತ್ತಲೇ ಅಪ್ಪ ಮೇವಿಗೆಂದು ಕುರಿ ಹೊಡೆದುಕೊಂಡು ತಾಸಗಾವದ ಕಡೆ ಹೊರಡುತ್ತಿದ್ದ, ಮಳೆಗಾಲಕ್ಕೆ ತಿರುಗಿ ಬರುತ್ತಿದ್ದ. ದಾರಿಯಲ್ಲೊಂದು ಸಣ್ಣ ಸ್ಟೇಷನ್ನು. ಒಂದು ಬೇವಿನ ಮರ, ಎರಡು ಬೆಂಚು, ದೊಡ್ಡ ಗಾಡಿಗಳು ತಿರುಗಿಯೂ ನೋಡದ ಹೆಸರಿನ ಹಲಗೆ. ಅದರ ಪಕ್ಕದ ಗೇಟು ಕಾಕಾನದು. ಅವನು ನಮ್ಮ ನೆಂಟನಲ್ಲ, ಜಾತಿಯವನೂ ಅಲ್ಲ, ಬೌದ್ಧರಾದ ದಲಿತರ ಮನೆಯವನು. ಆದರೂ ಅವನ ಬಿಂದಿಗೆಯ ನೀರು ಕುಡಿಯದೆ ಅಪ್ಪ ಹಳಿ ದಾಟುತ್ತಿರಲಿಲ್ಲ.

ಸ್ಟೇಷನ್ನಿಗೆ ಫೋನು ಮಾಡಿ ಕೇಳದೆ ಕಾಕಾ ಗೇಟು ತೆರೆಯುತ್ತಿರಲಿಲ್ಲ. ತೆರೆದ ಮೇಲೆ ಕೊನೆಯ ಮರಿ ದಾಟುವ ತನಕ ಹಳಿಯ ನಡುವೆಯೇ ನಿಂತಿರುತ್ತಿದ್ದ. ಮೋಟಾರ್ ಸೈಕಲ್ಲಿನವರು ಹಾರ್ನ್ ಬಾರಿಸಿದರೆ, "ಅವಸರ ಇದ್ದಾಂವ ನಿನ್ನೇನ ಹೊಂಡಬೇಕಿತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಕೆಲವು ವರ್ಷಗಳ ಹಿಂದೆ ಹಳಿಯ ಕೆಳಗೆ ಹಾದುಹೋಗಲು ಬೋಗದಾ ತೋಡಿದರು. ಇಷ್ಟರಲ್ಲೇ ಗೇಟು ಕಾಯಂ ಬಂದ್ ಆಗುತ್ತದೆ ಎಂದರು. ಮುಂದಿನದು ಬಿದ್ದರೆ ಹಿಂದಿನವೂ ಬಾವಿಗೆ ಬೀಳುವ ಜಾತಿ ಕುರಿ. ಆದರೆ ಆ ವರ್ಷ ಹೊರಟಾಗ ಬೋಗದಾದ ಕತ್ತಲೆ, ನಿಂತ ನೀರು ಕಂಡು ನಮ್ಮ ಮುಂದಿನ ಟಗರೇ ಕಾಲೂರಿ ನಿಂತುಬಿಟ್ಟಿತು. ಗೇಟು ಇನ್ನೂ ನಡೆಯುತ್ತಿತ್ತು. ಆದರೂ ಕಾಕಾ ತೆರೆಯಲಿಲ್ಲ.

"ಇವತ್ತ ಇಲ್ಲ. ಕೆಳಗಿಂದ ಹೋಗ್ರಿ."

"ಸೊಕ್ಕ ಬಂತೇನ್ ನಿನಗ?" ಎಂದು ಅಪ್ಪ ಎಗರಿದ. ಸಿಟ್ಟಿನಲ್ಲಿ ಜಾತಿ ಎತ್ತಿ ಆಡಬಾರದ ಮಾತನ್ನೂ ಆಡಿಬಿಟ್ಟ. ಪಕ್ಕದಲ್ಲೇ ಇದ್ದ ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ಕಾಕಾನ ಮುಖ ಸಣ್ಣದಾಯಿತು. ಹಿಡಿಕೆಯ ಮೇಲಿನ ಕೈ ತೆಗೆಯದೆ ಹೇಳಿದ: "ಮುಂದಿನ ವಾರ ಇಲ್ಲಿ ಗ್ವಾಡಿ ಕಟ್ಟತಾರ. ನಾ ಇರೂದಿಲ್ಲ. ಕುರಿ ಹಳಿ ಹತ್ತಿದ್ರ ಹಿಡಿಯಾವ್ರ್ಯಾರು? ನಾ ಇರೂತನಕ ಅವಕ್ಕ ಕೆಳಗಿನ ದಾರಿ ಕಲಿಸೂನು."

ಪಾಳಿ ಮುಗಿದ ಮೇಲೆ ಪ್ಯಾಂಟು ಮಡಚಿ ತಾನೇ ಕೆಳಗಿಳಿದ. ಟಗರಿನ ಕೊಂಬು ಹಿಡಿದು, ಅಪ್ಪ ಮಾಡುವಂತೆಯೇ ಟುರ್ರ್ ಎಂದು ಕರೆಯುತ್ತ, ಮೊಣಕಾಲುದ್ದ ನೀರಿನಲ್ಲಿ ಹೆಜ್ಜೆ ಹೆಜ್ಜೆಗೂ ಕಾದು ನಡೆಸಿದ. ನಡುವೆ ತಲೆಯ ಮೇಲೆ ಗಾಡಿ ಹಾಯ್ದು ಬೋಗದಾವೆಲ್ಲ ಗುಡುಗಿತು. ಟಗರಿನ ಕೊರಳನ್ನು ಎರಡೂ ಕೈಯಿಂದ ತಬ್ಬಿ ನಿಂತ. ಸದ್ದು ಅಡಗಿದ ಮೇಲೆ ಮತ್ತೆ ಕರೆದ. ಹಿಂಡೆಲ್ಲ ಅವನ ಬೆನ್ನು ಹತ್ತಿ ಆಚೆಗೆ ಬಂತು.

ಅಪ್ಪ ಅವತ್ತು ನೀರು ಕುಡಿಯಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ರಾತ್ರಿ ಹಟ್ಟಿ ಹಾಕಿದಲ್ಲಿ ಮಾತ್ರ ಒಮ್ಮೆ ನನಗೆ ಹೇಳಿದ: "ತಿರುಗಿ ಬರುಮುಂದ ತಪ್ಪಾತು ಅಂತ ಕೇಳ್ಕೋತೀನವ್ವಾ."

ಮಳೆಗಾಲಕ್ಕೆ ಬಂದಾಗ ಗೇಟಿದ್ದಲ್ಲಿ ಗೋಡೆ ಎದ್ದಿತ್ತು. ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡನೆಂದು ಸ್ಟೇಷನ್ನಿನ ಚಹಾದಂಗಡಿಯವಳು ಹೇಳಿದಳು.

ಯಾರೂ ಕರೆಯದೆಯೇ ಟಗರು ಬೋಗದಾದೊಳಗೆ ನಡೆಯಿತು, ಹಿಂಡು ಅದರ ಹಿಂದೆ ಹೋಯಿತು. ನಮ್ಮಲ್ಲಿ ಮನೆಯ ಹಿರಿಯರು ಸತ್ತರೆ ಮಾತ್ರ ಗಂಡಸರು ದಾರಿಯಲ್ಲಿ ಬರಿದಲೆಯಲ್ಲಿ ನಡೆಯುತ್ತಾರೆ. ಅಪ್ಪ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನೀರಿಗಿಳಿದ.