ಗಂಟಿನ ಜಾತಿ

ಆಳಂದದ ಬಸ್ ಸ್ಟ್ಯಾಂಡಿನ ಎದುರು ನಮ್ಮಕ್ಕ ಶಿವಕಾಂತಾಳ ಖಾನಾವಳಿ ಇದೆ. ಅಲ್ಲಿ ಉಂಡವರು ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯನ್ನು ಹೊಗಳುತ್ತಾರೆ, ಅಕ್ಕನ ಬಾಯಿಗೆ ಹೆದರುತ್ತಾರೆ. ಬಸವಣ್ಣನವರನ್ನು ನಂಬಿದ ಮನೆತನ ನಮ್ಮದು. ನಮ್ಮವರಲ್ಲಿ ಬಹಳ ಮಂದಿ ಆ ಹೆಸರನ್ನು ಭಾಷಣಕ್ಕೆ ಇಟ್ಟುಕೊಂಡರು, ಅಕ್ಕ ಅಡಿಗೆಮನೆಗೆ ತಂದಳು. ಅಲ್ಲಿ ರೊಟ್ಟಿ ಬಡಿಯುವವಳು ಖಾಸೀಂಬಿ. ಒಮ್ಮೆ ಒಬ್ಬ ದಲಾಲ ಉಣ್ಣುತ್ತ ಕುಳಿತು, ರೊಟ್ಟಿ ಮಾಡುವವಳು ಯಾರ ಪೈಕಿ ಎಂದು ಕೇಳಿದ. ಅಕ್ಕ ಅವನ ಮುಂದಿನ ತಾಟನ್ನೇ ಎತ್ತಿಕೊಂಡು ಹೋದಳು. ಅವನ ಬೆರಳಿಗೆ ಇನ್ನೂ ಪಲ್ಯ ಅಂಟಿತ್ತು.

ಇಂಥವಳ ಎಡಗಿವಿಯ ಕೆಳಗೆ ಎರಡು ವರ್ಷದ ಹಿಂದೆ ಗಂಟು ಎದ್ದಿತು. ಮಂಗನಬಾವು ಇರಬೇಕೆಂದು ಮನೆಯವರು ಕೊರಳಿಗೆ ಬಂಗಾರದ ಸರ ಹಾಕಿಸಿದರು. ಬಾವು ಇಳಿಯಲಿಲ್ಲ. ನೋವಿಲ್ಲವಲ್ಲ, ಇರಲಿ ಬಿಡು ಎಂದಳು ಅಕ್ಕ. ನಾನೇ ಜಗಳ ಮಾಡಿ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ಸೂಜಿ ಚುಚ್ಚಿ ನೋಡಿ, ಇದು ಜೊಲ್ಲು ಹುಟ್ಟುವ ಗ್ರಂಥಿಯಲ್ಲಿ ಬೆಳೆದ ಗಡ್ಡೆ, ಮುಂದಿನದನ್ನು ಡಾಕ್ಟರ್ ಹೇಳುತ್ತಾರೆ ಎಂದರು.

ಆ ಡಾಕ್ಟರ್ ಹೇಳುವಾಗ ನಾನು ಕೆಳಗೆ ಔಷಧಿ ಅಂಗಡಿಯಲ್ಲಿದ್ದೆ. ಮೇಲೆ ಬರುವಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಆಟೋದಲ್ಲಿ ಕುಳಿತಾಗಿತ್ತು. ಮುಖ ಕೆಂಡವಾಗಿತ್ತು. ಆ ಮನುಷ್ಯ ತನ್ನ ಮುಖವನ್ನೂ ನೋಡದೆ, ಬೆನ್ನು ಮಾಡಿ ನಿಂತು, ಇನ್ನೊಬ್ಬ ಡಾಕ್ಟರಿಗೆ ಇವರ ಜಾತಿ ಯಾವುದೆಂದು ಗೊತ್ತಾಗದೆ ಕೈ ಹಾಕುವುದಿಲ್ಲ ಎಂದನಂತೆ. ಜಾತಿ ಹೇಳಿ ಜೀವ ಉಳಿಸಿಕೊಳ್ಳುವ ದರಿದ್ರ ತನಗೆ ಬಂದಿಲ್ಲ ಎಂದಳು. ಯಾರು ನಂಬದೆ ಇದ್ದಾರು? ಇಲ್ಲಿ ಬಾಡಿಗೆ ಮನೆ ಕೊಡುವವನೂ ಜಾತಿ ಕೇಳುತ್ತಾನೆ, ಡಾಕ್ಟರ್ ಕೇಳಿದನೆಂದರೆ ಯಾರಿಗೂ ಆಶ್ಚರ್ಯವಾಗಲಿಲ್ಲ. ನನ್ನ ಸಿಟ್ಟಿಗೆ ಮೊದಲ ಕಾರಣವೇ ಇದು. ಆ ಸುಳ್ಳು ನಂಬುವಂತಿತ್ತು, ಅದಕ್ಕೇ ನಂಬಿದೆವು.

ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ, ಎಲ್ಲರೂ ಅದೇ ಕೇಳುತ್ತಾರೆ ಎಂದು ಅಕ್ಕ ಹಟ ಹಿಡಿದಳು. ಮಳೆಗಾಲ ಹೋಯಿತು, ತೊಗರಿ ರಾಶಿಯೂ ಮುಗಿಯಿತು. ಒಂದು ದಿನ ಗಿರಾಕಿಯೊಬ್ಬನನ್ನು ಬೈಯುತ್ತಿದ್ದವಳ ಬಾಯಿ ಒಂದು ಬದಿಗೆ ಎಳೆದುಕೊಂಡಿತು. ಅಂದೇ ಖಾಸೀಂಬಿ ಒಲೆ ಆರಿಸಿ, ಅಕ್ಕನ ರಟ್ಟೆ ಹಿಡಿದು ನನ್ನ ಜೊತೆ ಬಸ್ಸು ಹತ್ತಿಸಿದಳು.

ಈ ಸಲ ಇನ್ನೊಂದು ಆಸ್ಪತ್ರೆಯಲ್ಲಿ ಸಿಕ್ಕವರು ಸೀಮಾ ಎಂಬ ಡಾಕ್ಟರ್. ಅವರು ಕುರ್ಚಿ ಎಳೆದುಕೊಂಡು ಅಕ್ಕನ ಎದುರೇ ಕುಳಿತರು. ಈ ಗ್ರಂಥಿಯ ಗಡ್ಡೆಗಳಲ್ಲಿ ಕೆಲವು ವರ್ಷಗಟ್ಟಲೆ ಸುಮ್ಮನಿರುತ್ತವೆ, ಕೆಲವು ಮುಖದ ನರವನ್ನೇ ಹಿಡಿದು ಓಡುತ್ತವೆ, ಮೇಲಿನಿಂದ ನೋಡಿದರೆ ಎರಡೂ ಒಂದೇ ಎಂದರು. ಒಂದು ಚೂರು ತೆಗೆದು ಬಣ್ಣ ಹಾಕಿ ನೋಡುತ್ತಾರಂತೆ. ಜೀವಕೋಶ ಎರಡಾಗಿ ಒಡೆಯುವಾಗ ಅದರಲ್ಲಿ ಒಂದು ಪ್ರೋಟೀನ್ ಇರುತ್ತದೆ, ಬಣ್ಣ ಅದಕ್ಕೆ ಅಂಟುತ್ತದೆ. ಬಹಳ ಕೋಶಗಳು ಬಣ್ಣ ಹಿಡಿದರೆ ಗಡ್ಡೆ ಅವಸರದಲ್ಲಿದೆ ಎಂದರ್ಥ. ಅದೊಂದರಿಂದಲೇ ಎಲ್ಲ ತಿಳಿಯುವುದಿಲ್ಲ, ಆದರೆ ಮುಂದೆ ಹೇಗೆ ನಡೆದುಕೊಳ್ಳುತ್ತದೆಂದು ಅಂದಾಜು ಸಿಗುತ್ತದೆ ಎಂದರು.

ಮೊದಲಿನ ಆಸ್ಪತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಅಕ್ಕ ನಡೆದದ್ದನ್ನು ಹೇಳಿದಳು. ಸೀಮಾ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಇವರ ಜಾತಿ ಅಂದಿರಲಿಕ್ಕಿಲ್ಲ ಅಕ್ಕಾರ. ಇದರ ಜಾತಿ ಅಂದಿರಬೇಕು. ಗಂಟಿಂದು."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ನಾನು ಅತ್ತೆ, ಸಿಟ್ಟಿಗೆ ಅತ್ತೆ. ಒಂದು ಅಕ್ಷರಕ್ಕೆ ಇಷ್ಟು ತಿಂಗಳು ಹೋದವು.

"ಅದು ಹೆಂಗ ನಡಕೋತದ ಅಂತ ನೋಡೂದಾದ್ರ ನಡತಿ ಅನಬೇಕಿತ್ತು. ಜಾತಿ ಯಾಕ ಅಂದ್ರು ಅವರು?" ಎಂದಳು ಅಕ್ಕ. "ನಡತಿ ನೋಡಾಕ ನಾ ಯಾವತ್ತೂ ಬ್ಯಾಡ ಅಂದಾಕಿ ಅಲ್ಲ. ತೆಗೀರಿ ಚೂರು."

ಬಹಳ ಕೋಶಗಳು ಬಣ್ಣ ಹಿಡಿದಿದ್ದವು. ಸ್ಕ್ಯಾನ್‌ನಲ್ಲಿ ಗಡ್ಡೆ ನರವನ್ನು ಸುತ್ತಿಕೊಂಡಿತ್ತು. ಜೀವ ಉಳಿಯಬೇಕಾದರೆ ನರ ಕತ್ತರಿಸಬೇಕಿತ್ತು, ಕತ್ತರಿಸಿದರು. ಆಮೇಲೆ ನಮ್ಮ ಕಡೆ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಟ್ಟರು. ಮೊದಲೇ ಬಂದಿದ್ದರೆ ನರ ಉಳಿಯುತ್ತಿತ್ತೇ ಎಂದು ಕೇಳಿದೆ. ಉಳಿದಿರಬಹುದಿತ್ತು ಎಂದರು ಸೀಮಾ. ಈಗ ಅಕ್ಕನ ಮುಖದ ಎಡಭಾಗ ನಗುವುದಿಲ್ಲ, ಗಂಟಿಕ್ಕುವುದೂ ಇಲ್ಲ. ತುಟಿ ಕೂಡಿಸಿ ಹೇಳುವ ಅಕ್ಷರಗಳೆಲ್ಲ ಗಾಳಿಯಾಗಿ ಹೊರಬೀಳುತ್ತವೆ.

ಹೋದ ತಿಂಗಳು ಅಕ್ಕ ಆ ಮೊದಲಿನ ಆಸ್ಪತ್ರೆಗೆ ಹೋಗಲೇಬೇಕೆಂದಳು. ನನ್ನನ್ನು ಜೊತೆಗೆ ಕರೆದುಕೊಂಡು, ಉಳಿದವರಂತೆ ಚೀಟಿ ಮಾಡಿಸಿ, ಸರದಿಯಲ್ಲಿ ಕಾದು ಒಳಗೆ ನಡೆದಳು. ಅದೇ ಡಾಕ್ಟರ್ ಕಂಪ್ಯೂಟರ್ ನೋಡುತ್ತಲೇ ಏನು ತೊಂದರೆ ಎಂದರು. ಅಕ್ಕ ಹೇಳಿದಳು. ಅವರಿಗೆ ತಿಳಿಯಲಿಲ್ಲ. ಕತ್ತು ಎತ್ತದೆ ನನ್ನ ಕಡೆಗೆ ಕೈ ಮಾಡಿ, ಇವರು ಏನು ಹೇಳುತ್ತಿದ್ದಾರೆ, ನೀವು ಹೇಳಿ ಎಂದರು.

ನಾನು ಬಾಯಿ ಬಿಡಲಿಲ್ಲ.

ಅಕ್ಕ ಮೇಜಿಗೆ ಎರಡೂ ಕೈ ಊರಿ, ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ಮೂರನೆಯ ಸಲ ಅವರು ಕತ್ತು ಎತ್ತಿ, ಆ ಅರ್ಧ ಸತ್ತ ತುಟಿಯನ್ನೇ ನೋಡುತ್ತ ಒಂದೊಂದೇ ಅಕ್ಷರ ಹೆಕ್ಕಿಕೊಳ್ಳಬೇಕಾಯಿತು.

"ಮುಖ ನೋಡಿ ಮಾತಾಡ್ರಿ."